ಸಾಕ್ಷಿ ಹೇಳುವಾಗ ಪೆದ್ದರಂತೆ ಕಾಣುವ ಭಯ: ಕೈಗೆ ಹತ್ತುವ ಸಲಹೆ ಬೇಕು

ಸಾಸಿವೆಕಾಳು
ಎಲ್ಲರಿಗೂ ವಂದನೆ. ನಮ್ಮ ಯುವಜನರ ಕೂಟಕ್ಕೆ ನಾಲ್ಕು ವಾರದ ಸಾಕ್ಷಿ ತರಬೇತಿ, ಅಂದರೆ ನಮ್ಮ ನಂಬಿಕೆಯನ್ನು ಬೇರೆಯವರಿಗೆ ಹೇಳುವ ತರಬೇತಿ, ಸಿದ್ಧವಾಗುತ್ತಿದೆ. ಬಿಡಿಸಬೇಕಾದ ಗಂಟು ಒಂದೇ: ಯೇಸುವಿನ ಬಗ್ಗೆ ಬಾಯಿಬಿಟ್ಟರೆ ಎದುರಿನವರ ಕಣ್ಣಿಗೆ ಪೆದ್ದರಂತೆ ಕಾಣುತ್ತೇವೆ ಅನ್ನುವ ಭಯ. ಮಾತು ತೊದಲಿದರೆ, ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ, ಅವರು ಪಕ್ಕದವರ ಮುಖ ನೋಡಿ ನಕ್ಕರೆ ಏನು ಗತಿ ಅನ್ನುವ ಮುಜುಗರ. "ಧೈರ್ಯವಾಗಿರಿ" ಎಂದು ಬೆನ್ನು ತಟ್ಟಿ ಕಳಿಸಿದರೆ ಇದು ಹೋಗುವುದಿಲ್ಲ. ಈ ಕೆಲಸದಲ್ಲಿ ಪಳಗಿದವರು ಬಿಡಿಬಿಡಿಯಾಗಿ ಹೇಳಿಕೊಡಿ. ಸ್ವಂತ ಅನುಭವದ ಕಥೆಗಳು ಬೇಡ, ಯಾರಾದರೂ ನಾಳೆಯೇ ಮಾಡಿ ನೋಡಬಹುದಾದ್ದು ಬೇಕು.

ಬೆರೋಯ
ಮೊದಲು ಈ ಭಯವನ್ನು ಎರಡು ಪಾಲು ಮಾಡಿ. ಒಂದು ಪಾಲು ಸುವಾರ್ತೆಯಲ್ಲೇ, ಅಂದರೆ ಯೇಸುವಿನ ಶುಭಸಂದೇಶದಲ್ಲೇ ಇದೆ. ಶಿಲುಬೆಗೇರಿ ಸತ್ತವನನ್ನು ಕರ್ತನೆಂದು ಸಾರುವುದು ಅನ್ಯಜನರಿಗೆ ಹುಚ್ಚಾಗಿ ಕಾಣುತ್ತದೆ ಎಂದು ಅಪೊಸ್ತಲ ಪೌಲನು ಮುಚ್ಚುಮರೆಯಿಲ್ಲದೆ ಬರೆದ (ಸತ್ಯವೇದ, 1 ಕೊರಿಂಥ 1:18-25). ಎರಡನೆಯ ಪಾಲು ನಾವು ಸೇರಿಸುವುದು: ಸಭೆಯೊಳಗಿನ ಭಾಷೆ, ಮುಗಿಯದ ಭಾಷಣ, ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳುವುದು, ಸಮಯ ಸಂದರ್ಭ ನೋಡದೆ ಶುರು ಹಚ್ಚಿಕೊಳ್ಳುವುದು. ಈ ಎರಡನೆಯದನ್ನು ಅಭ್ಯಾಸದಿಂದ ತೆಗೆದುಹಾಕಬಹುದು. ಮೊದಲನೆಯದನ್ನು ತೆಗೆಯಲು ಹೋದರೆ ಸುವಾರ್ತೆಯೇ ಕೈಬಿಡುತ್ತದೆ, ಅದನ್ನು ಹೊತ್ತುಕೊಳ್ಳುವುದೇ ಸರಿ. ತರಬೇತಿ ಎಡವುವುದು ಇಲ್ಲೇ. ಒಂದು ಕಡೆ ಎಲ್ಲ ನಗೆಯನ್ನೂ "ಕ್ರಿಸ್ತನಿಗಾಗಿ ನಿಂದೆ" ಎಂದು ಸಮರ್ಥಿಸಿಕೊಳ್ಳುತ್ತಾರೆ, ಇನ್ನೊಂದು ಕಡೆ ಯಾರೂ ನಗದ ಹಾಗೆ ಶಿಲುಬೆಯನ್ನೇ ಬಿಟ್ಟು ಬರೀ "ಒಳ್ಳೆಯ ಬದುಕು" ಎಂದು ಮಾತಾಡುತ್ತಾರೆ.

ಪಾಠಕ್ಕೆ ಅಪೊಸ್ತಲರ ಕೃತ್ಯಗಳು 17 ಮತ್ತು 26 ಎರಡನ್ನೂ ತೆಗೆದುಕೊಳ್ಳಿ. ಅಥೇನೆಯಲ್ಲಿ ಪೌಲನು ಆ ಊರಿನ ಬಲಿಪೀಠವನ್ನೂ ಅವರದೇ ಕವಿಗಳ ಸಾಲನ್ನೂ ಹಿಡಿದು ಮಾತಾಡಿದ. ಇಷ್ಟು ತಯಾರಿ ಇದ್ದರೂ ಸತ್ತವರ ಪುನರುತ್ಥಾನ ಎಂದ ಕೂಡಲೇ ಕೆಲವರು ಅಪಹಾಸ್ಯ ಮಾಡಿದರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದರು, ದಿಯೊನುಸ್ಯ, ದಾಮರಿ ಮೊದಲಾದ ಕೆಲವರು ನಂಬಿದರು. ಒಂದೇ ಮಾತಿಗೆ ಮೂರು ಬಗೆಯ ಪ್ರತಿಕ್ರಿಯೆ. ನಗು ಬಂತೆಂದರೆ ಹೇಳಿದ್ದು ಕೆಟ್ಟುಹೋಯಿತು ಎಂದು ಅರ್ಥವಲ್ಲ ಅನ್ನುವುದು ಇಲ್ಲಿ ಕಣ್ಣೆದುರೇ ಇದೆ.

ಇನ್ನೊಂದು ಸಾಮಗ್ರಿ: ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ಸಿಕ್ಕ ಗೋಡೆಯ ಗೀಚು. ಶಿಲುಬೆಯ ಮೇಲೆ ಕತ್ತೆತಲೆಯ ಮನುಷ್ಯ, ಕೆಳಗೆ ಕೈಯೆತ್ತಿ ನಿಂತ ಒಬ್ಬ, ಪಕ್ಕದಲ್ಲಿ "ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಾನೆ" ಎಂಬ ಅರ್ಥದ ಗ್ರೀಕ್ ಬರಹ. ಸಾಮಾನ್ಯವಾಗಿ ಕ್ರಿ.ಶ. 200ರ ಆಸುಪಾಸಿನದು ಎನ್ನುತ್ತಾರೆ. ಶಿಲುಬೆಗೇರಿದ ಕ್ರಿಸ್ತನ ಚಿತ್ರವೆಂದು ಉಳಿದುಬಂದಿರುವ ಅತಿ ಹಳೆಯವುಗಳಲ್ಲಿ ಇದೂ ಒಂದು, ಅದೂ ಗೇಲಿಗೆ ಬರೆದದ್ದು! ಆ ಚಿತ್ರವನ್ನು ಮೊದಲ ವಾರವೇ ಗೋಡೆಗೆ ಹಚ್ಚಿ, ಎರಡು ನಿಮಿಷ ಸುಮ್ಮನೆ ನೋಡಲು ಬಿಡಿ. ತಮ್ಮ ಮುಜುಗರಕ್ಕೆ ಎಷ್ಟು ಹಳೆಯ ಸಂಗಾತಿಗಳಿದ್ದಾರೆ ಎಂದು ಹುಡುಗರಿಗೆ ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಮೆಲುದನಿ
ಬೆರೋಯ ಬ್ರದರ್ ಹೇಳಿದ ಎರಡನೆಯ ಪಾಲಿಗೆ ನಾನೊಂದು ತುಂಡು ಸೇರಿಸುತ್ತೇನೆ. ನಾವು ಎಷ್ಟು ಪೆದ್ದರಾಗಿ ಕಾಣುತ್ತೇವೆ ಅನ್ನುವ ಅಂದಾಜೇ ಬಹಳ ಸಲ ಅಳತೆ ಮೀರಿರುತ್ತದೆ. ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಜುಗರ ತರುವ ಟೀ-ಶರ್ಟ್ ಹಾಕಿಸಿ ವಿದ್ಯಾರ್ಥಿಯನ್ನು ಒಂದು ಕೋಣೆಯೊಳಗೆ ಕಳಿಸಿದರು. ಅದರ ಮೇಲಿನ ಚಿತ್ರ ಯಾರದ್ದೆಂದು ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಹೇಳಿಯಾರು ಎಂದು ಹಾಕಿಕೊಂಡವರ ಎಣಿಕೆ. ಹೇಳಿದ್ದು ಸುಮಾರು ಕಾಲುಭಾಗ. ಒಳಗಿನ ನಡುಕವೂ ಹಾಗೆಯೇ. "ನಿಮ್ಮ ಅಳುಕು ನಿಮಗೆ ಅನ್ನಿಸುವಷ್ಟು ಹೊರಗೆ ಕಾಣುವುದಿಲ್ಲ" ಎಂದು ಮುಂಚೆಯೇ ತಿಳಿಸಿದಾಗ ಜನ ಭಾಷಣವನ್ನೇ ಚೆನ್ನಾಗಿ ಮಾಡಿದರು ಎಂದು ಸವಿಟ್ಸ್ಕಿ ಮತ್ತು ಗಿಲೋವಿಚ್ 2003ರಲ್ಲಿ ತೋರಿಸಿದರು. ಈ ಒಂದು ವಾಕ್ಯವನ್ನು ಅಭ್ಯಾಸಕ್ಕೆ ಮೊದಲು ಗಟ್ಟಿಯಾಗಿ ಓದಿಸಿ.

ಇನ್ನು ದೇಹದ ವಿಷಯ. ಬಾಯಿ ಒಣಗುವುದು, ಎದೆ ಬಡಿಯುವುದು, ದನಿ ಏರುವುದು, ಇವೆಲ್ಲ ಉಸಿರು ಮೇಲುಮೇಲಕ್ಕೆ ಬಂದಾಗ ಹೆಚ್ಚುತ್ತವೆ. ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ. ಐದಾರು ಉಸಿರು ಸಾಕು. ಮೊದಲ ವಾಕ್ಯ ಹತ್ತು ಪದ ಮೀರಬಾರದು, ಅದನ್ನು ಬೇಕೆಂದೇ ನಿಧಾನವಾಗಿ ಹೇಳಬೇಕು. ಶುರುವಿನ ವೇಗವೇ ಕೊನೆಯವರೆಗೂ ಎಳೆದುಕೊಂಡು ಹೋಗುತ್ತದೆ.

ತಪ್ಪುವುದು ಎಲ್ಲಿ ಅಂದರೆ, ಭಯ ಮುಚ್ಚಲು ಮಾಡುವ ಉಪಾಯಗಳಲ್ಲಿ. ಮೊಬೈಲ್ ನೋಡುತ್ತಾ ಮಾತಾಡುವುದು, "ಸಾರಿ, ನಿಮಗೆ ಬೋರ್ ಹೊಡಿಸ್ತಿದ್ದೀನೇನೋ" ಎಂದು ಮೊದಲೇ ಕ್ಷಮೆ ಕೇಳುವುದು, ಕರಪತ್ರ ಕೈಗಿತ್ತು ಕಾಲು ಕೀಳುವುದು, ಉಸಿರು ಬಿಡದೆ ಒದರುವುದು. ಇವು ಆ ಗಳಿಗೆಗೆ ಹಾಯೆನಿಸುತ್ತವೆ. ಆದರೆ ಇವಿಲ್ಲದೆಯೂ ಏನೂ ಆಗುತ್ತಿರಲಿಲ್ಲ ಎಂದು ಮನಸ್ಸು ಕಲಿಯಲು ಬಿಡುವುದಿಲ್ಲ, ಆದ್ದರಿಂದ ಮುಂದಿನ ಸಲವೂ ಭಯ ಅಷ್ಟೇ ಇರುತ್ತದೆ. ಒಂದು ಸಲಕ್ಕೆ ಒಂದೇ ಉಪಾಯ ಬಿಡಿಸಿ, ಎಲ್ಲ ಒಟ್ಟಿಗೆ ಬೇಡ.

ಮೊಣಕಾಲೂರಿ
ಕ್ಷಮಿಸಿ, ಇದೆಲ್ಲ ಮನಶ್ಶಾಸ್ತ್ರ ಆಯಿತು. ಧೈರ್ಯ ಕೊಡುವವನು ಪವಿತ್ರಾತ್ಮನು. ಉಸಿರು ಎಣಿಸಿ ಸುವಾರ್ತೆ ಸಾರಿದ ಅಪೊಸ್ತಲರು ಯಾರು?

ಬೆರೋಯ
ಸಹೋದರರೇ, ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಅದನ್ನೇ ತರಬೇತಿಯ ಮೊದಲ ಮೆಟ್ಟಿಲಾಗಿ ಇಡಬೇಕು. ಯೆಹೂದ್ಯರ ಹಿರೀಸಭೆ ಬೆದರಿಸಿ ಬಿಟ್ಟ ಮೇಲೆ ಶಿಷ್ಯರು ಬೇಡಿದ್ದು ಬೆದರಿಕೆ ನಿಲ್ಲಲಿ ಎಂದಲ್ಲ, ಪೂರ್ಣ ಧೈರ್ಯದಿಂದ ನಿನ್ನ ವಾಕ್ಯ ಹೇಳುವ ಹಾಗೆ ಮಾಡು ಎಂದು (ಅ.ಕೃ. 4:29). ಸೆರೆಯಲ್ಲಿದ್ದ ಪೌಲನೂ ಬಾಯಿ ತೆರೆಯುವಾಗ ಮಾತೂ ಧೈರ್ಯವೂ ಸಿಗಲಿ ಎಂದು ಪ್ರಾರ್ಥಿಸಲು ಎಫೆಸದವರನ್ನು ಕೇಳಿಕೊಂಡ (ಎಫೆಸ 6:19-20). ಅಷ್ಟು ಸಲ ಸಾರಿದವನಿಗೂ ಕೇಳಿಕೊಳ್ಳಬೇಕಾಗಿತ್ತು. ಕೊರಿಂಥಕ್ಕೆ ಬಂದಾಗ ಬಲಹೀನನೂ ಭಯಪಡುವವನೂ ಬಹು ನಡುಗುವವನೂ ಆಗಿದ್ದೆನೆಂದು ಅವನೇ ಬರೆದಿದ್ದಾನೆ (1 ಕೊರಿಂಥ 2:3). ನಡುಕ ಇದೆ ಎಂದರೆ ಆತ್ಮನಿಲ್ಲ ಎಂದು ಕಲಿಸಿದರೆ ನಡುಗುವವರು ಇನ್ನೂ ಕುಗ್ಗುತ್ತಾರೆ. ಉಸಿರನ್ನೂ ದೇವರೇ ಕೊಟ್ಟದ್ದಲ್ಲವೇ, ಅದನ್ನು ಸರಿಯಾಗಿ ಬಳಸಿದರೆ ನಂಬಿಕೆಗೆ ಕುಂದಿಲ್ಲ.

ಪ್ರಾರ್ಥನೆಯನ್ನೂ ಮೊನಚು ಮಾಡಿ. "ಕರ್ತನೇ, ಎಲ್ಲರನ್ನೂ ರಕ್ಷಿಸು" ಅನ್ನುವುದಕ್ಕಿಂತ ಮೂರು ಹೆಸರು ಚೀಟಿಯಲ್ಲಿ ಬರೆದು, ಪ್ರತಿ ಹೆಸರಿಗೆ ಒಂದೊಂದೇ ಕೋರಿಕೆ: ಮಾತಿಗೆ ಸಂದರ್ಭ, ತೆರೆದ ಬಾಯಿ, ಕೇಳುವ ಮನಸ್ಸು.

ಮೊಣಕಾಲೂರಿ
ಒಪ್ಪಿದೆ. ಆ ಚೀಟಿಯನ್ನು ಇಬ್ಬರಿಬ್ಬರು ಹಂಚಿಕೊಂಡು ವಾರಪೂರ್ತಿ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಲಿ. ಒಂಟಿಯಾಗಿ ಹೊತ್ತರೆ ಮೂರನೆಯ ದಿನಕ್ಕೆ ಚೀಟಿ ಸತ್ಯವೇದದೊಳಗೆ ಮರೆತುಹೋಗಿರುತ್ತದೆ.

ಕೆಂಪುಶಾಯಿ
ಸಾಕ್ಷಿಯ ಬರಹದ ಬಗ್ಗೆ ಹೇಳುತ್ತೇನೆ, ಪೆದ್ದುತನದ ದೊಡ್ಡ ಪಾಲು ಇಲ್ಲೇ ಹುಟ್ಟುವುದು. ರಾಜ ಅಗ್ರಿಪ್ಪನ ಮುಂದೆ ಪೌಲನ ಮಾತು (ಅ.ಕೃ. 26) ಒಳ್ಳೆಯ ಅಚ್ಚು: ಮುಂಚೆ ಹೇಗಿದ್ದೆ, ಕ್ರಿಸ್ತನು ಹೇಗೆ ಎದುರಾದ, ಆಮೇಲೆ ಏನಾಯಿತು. ಮೂರು ನಿಮಿಷದ ಒಂದು ಆವೃತ್ತಿ, ಒಂದು ನಿಮಿಷದ ಒಂದು ಆವೃತ್ತಿ, ಎರಡೂ ಕೈಬರಹದಲ್ಲಿ. ಒಂದು ನಿಮಿಷದ್ದೆಂದರೆ ಎಂಟು-ಹತ್ತು ವಾಕ್ಯ, ಅಷ್ಟೇ. ಗಡಿಯಾರ ಇಟ್ಟು ಓದಿಸಿ, ಮೀರಿದರೆ ಕತ್ತರಿಸಿ. ಬಹುತೇಕರು "ಮುಂಚೆ" ಭಾಗವನ್ನೇ ಅರ್ಧಕ್ಕಿಂತ ಹೆಚ್ಚು ಎಳೆಯುತ್ತಾರೆ, ಯೇಸುವಿನ ಭಾಗ ಎರಡೇ ವಾಕ್ಯಕ್ಕೆ ಮುಗಿಯುತ್ತದೆ. ಇದನ್ನು ತಿರುಗಿಸಬೇಕು.

ಈಗ ಭಾಷೆ. ಒಂದು ಮಾದರಿ ವಾಕ್ಯ ನೋಡಿ: "ನಾನು ಲೋಕದಲ್ಲಿದ್ದೆ, ಒಂದು ಕೂಟದಲ್ಲಿ ಕರ್ತನು ನನ್ನನ್ನು ಮುಟ್ಟಿದ, ಹೃದಯ ಒಪ್ಪಿಸಿಕೊಟ್ಟೆ, ರಕ್ತದಿಂದ ತೊಳೆಯಲ್ಪಟ್ಟೆ, ಈಗ ಜಯಜೀವಿತ." ಸಭೆಯವರು ಆಮೆನ್ ಎನ್ನುತ್ತಾರೆ. ಹೊರಗಿನವರಿಗೆ ಒಂದು ಚೂರೂ ದಕ್ಕುವುದಿಲ್ಲ, ರಕ್ತದ ಮಾತು ಹೆದರಿಕೆಯನ್ನೂ ಹುಟ್ಟಿಸೀತು. ಅದನ್ನೇ ಹೀಗೆ ಬರೆಯಬಹುದು: "ದೇವರ ಬಗ್ಗೆ ನಾನು ತಲೆಕೆಡಿಸಿಕೊಂಡವನಲ್ಲ. ಮಾಡಿದ ಕೆಲವು ತಪ್ಪು ಮಾತ್ರ ಒಳಗೆ ಕೊರೀತಾ ಇತ್ತು. ಯೇಸು ಆ ತಪ್ಪಿನ ಶಿಕ್ಷೆಯನ್ನು ತನ್ನ ಮೇಲೆ ತಗೊಂಡು ಸತ್ತ, ಮತ್ತೆ ಎದ್ದ ಅಂತ ಓದಿದೆ. ಅದು ನನಗಾಗಿ ಅಂತ ನಂಬಿದೆ, ಕ್ಷಮಿಸು ಅಂತ ಕೇಳಿದೆ. ಎಲ್ಲ ಕಷ್ಟ ತೀರಿಲ್ಲ, ಆದರೆ ದೇವರ ಮುಂದೆ ಬಚ್ಚಿಟ್ಟುಕೊಳ್ಳೋದು ನಿಂತಿದೆ." ಶಿಲುಬೆ ಇದೆ, ಪುನರುತ್ಥಾನ ಇದೆ, ಪಾಪ ಇದೆ, ಒಂದನ್ನೂ ತೆಳು ಮಾಡಿಲ್ಲ. ಕೇಳುವವರಿಗೆ ನಿಘಂಟು ಬೇಕಾಗಿಲ್ಲ.

ಇನ್ನೊಂದು ಎಚ್ಚರ: ನಾಟಕೀಯ ಹಿನ್ನೆಲೆ ಇಲ್ಲದವರು, ಅಂದರೆ ವಿಶ್ವಾಸಿಗಳ ಮನೆಯಲ್ಲೇ ಬೆಳೆದವರು, ತಮ್ಮ ಸಾಕ್ಷಿ ಸಪ್ಪೆ ಎಂದು ಬಣ್ಣ ಹಚ್ಚುತ್ತಾರೆ. ಹಚ್ಚಕೂಡದು. "ಚಿಕ್ಕಂದಿನಿಂದ ಕೇಳಿದ್ದನ್ನು ನಾನೇ ಯಾಕೆ ನಂಬಿದೆ" ಅನ್ನುವುದು ಪೂರ್ತಿ ಸಾಕ್ಷಿಯೇ. ಬರೆದದ್ದನ್ನು ಬಾಯಿಪಾಠ ಮಾಡಿಸಬೇಡಿ. ಮೊದಲ ವಾಕ್ಯ, ಕೊನೆಯ ವಾಕ್ಯ ಮಾತ್ರ ಮನದಲ್ಲಿರಲಿ, ನಡುವಿನದು ಪ್ರತಿ ಸಲ ಹೊಸ ಮಾತಲ್ಲಿ ಬರಲಿ. ಬಾಯಿಪಾಠ ಮಾಡಿದವರನ್ನು ನಡುವೆ ಒಂದು ಪ್ರಶ್ನೆ ಕೇಳಿದರೆ ದಾರಿ ತಪ್ಪುತ್ತಾರೆ, ಅಲ್ಲೇ ಅವಮಾನ ಅನ್ನಿಸುವುದು.

ಸಾಸಿವೆಕಾಳು
ಕೆಂಪುಶಾಯಿ ಅವರೇ, ಆ ಎರಡು ಮಾದರಿಗಳನ್ನು ಹಾಗೇ ಬಳಸಿಕೊಳ್ಳುತ್ತೇವೆ. ಈಗ ಮಾತು ಶುರು ಮಾಡುವುದು ಹೇಗೆ? ದಿಢೀರನೆ "ಯೇಸುವನ್ನು ನಂಬಿ" ಅನ್ನಲಾಗುವುದಿಲ್ಲ. ಕಾಲೇಜು, ಕಚೇರಿಯಲ್ಲಿರುವವರಿಗೆ ಮೊದಲ ಹೆಜ್ಜೆ ಯಾವುದು?

ಬಾವಿಕಟ್ಟೆ
ಯೋಹಾನ 4ರಲ್ಲಿ ಯೇಸು ಬಾವಿಗೆ ಬಂದ ಸಮಾರ್ಯದ ಹೆಂಗಸಿನೊಂದಿಗೆ ಮಾತು ಶುರು ಮಾಡಿದ್ದು ನೀರು ಕೇಳುವುದರಿಂದ. ರಥದಲ್ಲಿ ಕೂತು ಓದುತ್ತಿದ್ದ ಇಥಿಯೋಪ್ಯದ ಅಧಿಕಾರಿ ಕಂಚುಕಿಯನ್ನು ಫಿಲಿಪ್ಪನು ಕೇಳಿದ್ದು ಓದುತ್ತಿರುವುದು ತಿಳಿಯುತ್ತದೋ ಎಂದು (ಅ.ಕೃ. 8:30). ಅಲ್ಲಿಂದ ರಥ ಹತ್ತಲು ಕರೆ ಬಂತು. ಕರೆ ಬರುವ ಮೊದಲೇ ಹತ್ತಲು ಹೋಗುವುದರಿಂದಲೇ ನಮ್ಮ ಕಡೆ ಮುಜುಗರ.

ಮೆಟ್ಟಿಲುಗಳನ್ನು ಹೀಗೆ ಜೋಡಿಸಿ. ಮೊದಲು ಬಚ್ಚಿಡದಿರುವುದು: ಸೋಮವಾರ ಯಾರಾದರೂ "ನಿನ್ನೆ ಏನು ಮಾಡಿದ್ರಿ" ಎಂದರೆ "ಮನೇಲಿದ್ದೆ" ಅಂದು ಜಾರಿಕೊಳ್ಳದೆ "ಬೆಳಿಗ್ಗೆ ಆರಾಧನೆಗೆ ಹೋಗಿದ್ದೆ, ಕ್ಷಮೆಯ ಬಗ್ಗೆ ಒಂದು ಒಳ್ಳೆ ಪ್ರಸಂಗ ಕೇಳಿದೆ" ಎನ್ನುವುದು. ಅಲ್ಲಿಗೆ ನಿಲ್ಲಿಸಬೇಕು, ಪ್ರಸಂಗ ಒಪ್ಪಿಸಲು ಹೋಗಬಾರದು. ಅವರು "ಏನಂತೆ?" ಎಂದರೆ ಒಂದು ವಾಕ್ಯ ಮುಂದೆ. ಎರಡನೆಯದು, ಊಟಕ್ಕೆ ಮೊದಲು ಹತ್ತು ಸೆಕೆಂಡು ತಲೆಬಾಗಿಸುವುದು, ಹಣೆ ಕೆರೆದುಕೊಂಡ ಹಾಗೆ ನಟಿಸದೆ. ಮೂರನೆಯದು, ಕಷ್ಟ ಹೇಳಿಕೊಂಡವರಿಗೆ "ಇದಕ್ಕಾಗಿ ಪ್ರಾರ್ಥನೆ ಮಾಡ್ತೀನಿ, ಪರವಾಗಿಲ್ವಾ?" ಎಂದು ಕೇಳಿ, ನಿಜವಾಗಿ ಮಾಡಿ, ವಾರದ ಮೇಲೆ ವಿಚಾರಿಸುವುದು. ಈ ವಿಚಾರಿಸುವುದನ್ನು ಜನ ಬಿಟ್ಟುಬಿಡುತ್ತಾರೆ, ತೂಕವಿರುವುದು ಅದರಲ್ಲೇ. ನಾಲ್ಕನೆಯದು, "ದೇವರ ಬಗ್ಗೆ ನೀವು ಏನು ನಂಬ್ತೀರಿ?" ಎಂದು ಕೇಳಿ ಹತ್ತು ನಿಮಿಷ ನಡುವೆ ಬಾಯಿಹಾಕದೆ ಕೇಳಿಸಿಕೊಳ್ಳುವುದು. ಆಮೇಲೆ ಒಂದು ನಿಮಿಷದ ಸಾಕ್ಷಿ. ಕೊನೆಗೆ ಮಾರ್ಕನ ಸುವಾರ್ತೆ ಒಟ್ಟಿಗೆ ಓದೋಣವೇ ಎಂಬ ಆಹ್ವಾನ. ಹದಿನಾರೇ ಅಧ್ಯಾಯ, ವಾರಕ್ಕೊಂದು.

ಪ್ರತಿ ಮೆಟ್ಟಿಲಿಗೂ ಭಯಕ್ಕೆ ಹತ್ತರಲ್ಲಿ ಅಂಕ ಹಾಕಿಸಿ. ಎಂಟು ಇದ್ದದ್ದು ನಾಲ್ಕಕ್ಕೆ ಇಳಿಯುವವರೆಗೆ ಅದೇ ಮೆಟ್ಟಿಲು. ಎಲ್ಲಕ್ಕೂ ಮೊದಲೇ ಬೀದಿ ಸುವಾರ್ತೆಗೆ ಕರೆದೊಯ್ದು ಮೈಕು ಕೊಟ್ಟರೆ ಒಂದು ದಿನ ಹುರುಪು ಏರುತ್ತದೆ, ಆದರೆ ಅಪರಿಚಿತರ ಮುಂದೆ ಕೂಗಿದವರು ಪಕ್ಕದ ಕುರ್ಚಿಯವರ ಮುಂದೆ ಮತ್ತೆ ಮೌನ. ಅವೆರಡೂ ಬೇರೆ ಬೇರೆ ಭಯಗಳು.

ಕೆಂಪುಶಾಯಿ
"ಪರವಾಗಿಲ್ವಾ" ಎಂದು ಕೇಳುವುದು ಬಹಳ ಮುಖ್ಯ. ಬೇಡ ಎಂದರೆ "ಸರಿ" ಎಂದು ಬಿಟ್ಟುಬಿಡಬೇಕು, ಮುಖ ಸಣ್ಣದು ಮಾಡಬಾರದು.

ಹುಟ್ಟುಕುರುಡ_ಕಂಡ
ಪ್ರಶ್ನೆಗೆ ಉತ್ತರ ಹೊಳೆಯದ ಭಯಕ್ಕೆ ಯೋಹಾನ 9 ಓದಿ. ಯೇಸು ಕಣ್ಣು ಕೊಟ್ಟ ಹುಟ್ಟುಕುರುಡನನ್ನು ಅಲ್ಲಿ ಪ್ರಶ್ನಿಸುತ್ತಾರೆ. ಅವನಿಗೆ ಗೊತ್ತಿದ್ದದ್ದು ಕಡಿಮೆ. ಯೇಸು ಎಲ್ಲಿದ್ದಾನೆ ಎಂದರೆ ಗೊತ್ತಿಲ್ಲ ಅಂದ, ಪಾಪಿಯೋ ಎಂದರೆ ಗೊತ್ತಿಲ್ಲ ಅಂದ. ಕುರುಡನಾಗಿದ್ದೆ, ಈಗ ಕಣ್ಣು ಕಾಣುತ್ತದೆ, ಇದೊಂದು ಬಲ್ಲೆ ಅಂದ (9:25). ಹೊರಗೆ ಹಾಕಿಸಿಕೊಂಡ, ನಿಜ. ಆದರೆ ಸುಳ್ಳು ಹೇಳಿ ಸಿಕ್ಕಿಬೀಳಲಿಲ್ಲ.

ಅಭ್ಯಾಸ ಮಾಡಿಸಬೇಕಾದ ವಾಕ್ಯ ಇದು: "ಒಳ್ಳೆ ಪ್ರಶ್ನೆ. ಇದಕ್ಕೆ ನನಗೆ ಸರಿಯಾದ ಉತ್ತರ ಗೊತ್ತಿಲ್ಲ. ನೋಡಿ ಹೇಳ್ತೀನಿ, ಗುರುವಾರ ಸಿಗ್ತೀರಾ?" ದಿನ ಹೇಳಬೇಕು, ಆ ದಿನ ಹೋಗಲೇಬೇಕು. ಆಗ ಗೊತ್ತಿಲ್ಲದಿರುವುದೇ ಎರಡನೆಯ ಭೇಟಿಗೆ ದಾರಿಯಾಗುತ್ತದೆ. ಹೋಗದಿದ್ದರೆ ಮಾತ್ರ ಅದು ಜಾರಿಕೊಂಡದ್ದಾಗುತ್ತದೆ.

ಮತ್ತೆಮತ್ತೆ ಬರುವ ಪ್ರಶ್ನೆ ಐದು: ದೇವರು ಒಳ್ಳೆಯವನಾದರೆ ಇಷ್ಟು ನೋವೇಕೆ, ಯೇಸು ಒಬ್ಬನೇ ದಾರಿ ಹೇಗೆ, ಪುನರುತ್ಥಾನ ಕಟ್ಟುಕಥೆಯಲ್ಲವೇ, ಸತ್ಯವೇದವನ್ನು ತಿದ್ದಿಲ್ಲವೇ, ಕ್ರೈಸ್ತರೇ ಹಾಗೆ ಬದುಕುವುದಿಲ್ಲವಲ್ಲ. ಪ್ರತಿಯೊಂದಕ್ಕೂ ಎರಡು ನಿಮಿಷದ ಉತ್ತರ ಸಿದ್ಧವಿದ್ದರೆ ಅರ್ಧ ಭಯ ಇಳಿಯುತ್ತದೆ. ಚರಿತ್ರೆಯ ಎರಡು-ಮೂರು ಗೂಟ ಗಟ್ಟಿಯಾಗಿರಲಿ. ಕೊರಿಂಥದವರಿಗೆ ಮೊದಲ ಪತ್ರ ಕ್ರಿ.ಶ. 55ರ ಸುಮಾರಿನದು, ಅಂದರೆ ಶಿಲುಬೆಯ ಬಳಿಕ ಹೆಚ್ಚುಕಡಿಮೆ 25 ವರ್ಷ. ಅದರ 15ನೆಯ ಅಧ್ಯಾಯದಲ್ಲಿ ಪೌಲನು ತಾನೇ ಮೊದಲು ಇತರರಿಂದ ಹೊಂದಿದ್ದನ್ನು ತಿಳಿಸುತ್ತಾನೆ, ಕಂಡ ಸಾಕ್ಷಿಗಳಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಪೊಂತ್ಯ ಪಿಲಾತನ ಕಾಲದಲ್ಲಿ ಕ್ರಿಸ್ತನ ಮರಣದಂಡನೆ ಆದದ್ದನ್ನು ರೋಮಿನ ಚರಿತ್ರೆಕಾರ ಟ್ಯಾಸಿಟಸ್, ಕ್ರೈಸ್ತರೆಂದರೆ ಆಗದವನು, ಎರಡನೆಯ ಶತಮಾನದ ಆರಂಭದಲ್ಲಿ ಬರೆದಿಟ್ಟಿದ್ದಾನೆ. ಇವು ಮರಣವನ್ನೂ ಸಾಕ್ಷಿಯ ಹಳಮೆಯನ್ನೂ ತೋರಿಸುತ್ತವೆ. ಪುನರುತ್ಥಾನವನ್ನು ಗಣಿತದಂತೆ ಸಾಬೀತು ಮಾಡುತ್ತವೆ ಎಂದು ಹಿಗ್ಗಿಸಬೇಡಿ, ಹಿಗ್ಗಿಸಿದ ಜಾಗದಲ್ಲೇ ಹಿಡಿಯುತ್ತಾರೆ. ಐದನೆಯ ಪ್ರಶ್ನೆಗೆ ವಾದವೇ ಬೇಡ. "ಹೌದು, ನಿಮ್ಮ ಮಾತು ಸರಿ" ಎಂದು ಒಪ್ಪಿ, ಕ್ರಿಸ್ತನನ್ನು ನೋಡಿ ಅಳೆಯಿರಿ ಎನ್ನಿ. ಮೊದಲನೆಯದನ್ನು ಕೇಳುವವರು ಎಷ್ಟೋ ಸಲ ಈಚೆಗೆ ಯಾರನ್ನೋ ಕಳೆದುಕೊಂಡಿರುತ್ತಾರೆ, ಉತ್ತರಕ್ಕೆ ಮೊದಲು "ಏನಾದರೂ ಆಯ್ತಾ?" ಎಂದು ಕೇಳಿ.

ಬೆರೋಯ
ನಕ್ಕರೆ ಏನು ಮಾಡುವುದು ಎಂಬುದನ್ನು ಯಾರೂ ಮುಟ್ಟಿಲ್ಲ. ನಗು ಒಂದೇ ಬಗೆಯದಲ್ಲ. ದೇವರ ಮಾತು ಬಂದಾಗ ಎದುರಿನವರಿಗೂ ಮುಜುಗರವಾಗಿ ನಗುತ್ತಾರೆ. ಹೆಚ್ಚಿನದು ಇದೇ. ಎರಡು ಕ್ಷಣ ಸುಮ್ಮನಿದ್ದರೆ ಅದೇ ಇಳಿಯುತ್ತದೆ. ಆ ಎರಡು ಕ್ಷಣ ತಡೆಯಲಾರದೆ ನಾವೇ ನಕ್ಕು "ಸುಮ್ನೆ ಹೇಳ್ದೆ ಬಿಡಿ" ಎಂದರೆ ಹೇಳಿದ್ದೆಲ್ಲ ವಾಪಸು ಹೋಯಿತು. ಗೆಳೆಯರು ಕಿಚಾಯಿಸಿದರೆ ಮುಗುಳ್ನಕ್ಕು "ನಗಿ ಪರವಾಗಿಲ್ಲ, ನಾನು ನಿಜವಾಗ್ಲೂ ನಂಬಿರೋದು ಇದನ್ನೇ" ಎಂದು ದನಿ ಏರಿಸದೆ ಹೇಳಿ ಬೇರೆ ಮಾತಿಗೆ ಹೋಗಿ. ಇನ್ನು ತಿರಸ್ಕಾರದ ನಗು. ರೋಮಿನ ಅಧಿಪತಿ ಫೆಸ್ತನು ಎಲ್ಲರ ಮುಂದೆ ಹುಚ್ಚ ಎಂದಾಗ ಪೌಲನು "ಮಹಾಶ್ರೇಷ್ಠನಾದ ಫೆಸ್ತನೇ" ಎಂದು ಗೌರವದಿಂದಲೇ ಕರೆದು, ತಾನು ಹುಚ್ಚನಲ್ಲ, ಸತ್ಯವಾದದ್ದನ್ನೂ ಸ್ವಸ್ಥಬುದ್ಧಿಯ ಮಾತನ್ನೂ ಹೇಳುತ್ತಿದ್ದೇನೆ ಎಂದ (ಅ.ಕೃ. 26:25). ಚಿಕ್ಕ ಉತ್ತರ, ತಿರುಗಿ ಚುಚ್ಚಲಿಲ್ಲ. ಪೇತ್ರನ ಮೊದಲ ಪತ್ರ ಉತ್ತರ ಕೊಡಲು ಸಿದ್ಧರಾಗಿರಿ ಎನ್ನುವಾಗಲೇ ಸಾತ್ವಿಕತ್ವವನ್ನೂ ಜೊತೆಗೆ ಕೇಳುತ್ತದೆ (3:15). ದಾಸಿಯೊಬ್ಬಳ ಪ್ರಶ್ನೆಗೆ ಹೆದರಿ ಯೇಸುವನ್ನು ಅರಿಯೆನೆಂದ ಪೇತ್ರನ ಹೆಸರಿನ ಪತ್ರವದು, ಕೂಟದಲ್ಲಿ ಇದನ್ನು ಜೋಡಿಸಿ ಓದಿ.

ಮೆಲುದನಿ
ಎಲ್ಲಿ ಮಾತಾಡಬಾರದು ಎಂಬುದನ್ನೂ ಕಲಿಸಿ. ಮೇಲಧಿಕಾರಿ ತನ್ನ ಕೈಕೆಳಗಿನವರ ಮೇಲೆ, ಶಿಕ್ಷಕರು ವಿದ್ಯಾರ್ಥಿಗಳ ಮೇಲೆ ನಂಬಿಕೆಯ ಮಾತು ಹೇರುವಂತಿಲ್ಲ, ಅವರಿಗೆ ಬೇಡ ಅನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಹೆತ್ತವರಿಗೆ ತಿಳಿಯದೆ ಮಕ್ಕಳಿಗೆ ಬೇಡ. ವಾಸಿಯಾಗುತ್ತದೆ, ಕೆಲಸ ಸಿಗುತ್ತದೆ ಎಂಬ ಆಸೆ ತೋರಿಸುವುದು ಬೇಡವೇ ಬೇಡ. ಬೇರೆಯವರ ದೇವರನ್ನು, ಪೂಜೆಯನ್ನು ಹೀಯಾಳಿಸುವುದು ಸುವಾರ್ತೆಯಲ್ಲ. ಕೆಲಸದ ಜಾಗದ ನಿಯಮ, ಇರುವ ಜಾಗದ ಕಾನೂನು ತಿಳಿದಿರಲಿ. ಈ ಗೆರೆಗಳು ಗೊತ್ತಿದ್ದರೆ ಅಳುಕೂ ಕಡಿಮೆಯಾಗುತ್ತದೆ, ಏಕೆಂದರೆ ಅಳುಕಿನಲ್ಲಿ ಒಂದು ಪಾಲು "ಇದು ಸರಿಯೋ ತಪ್ಪೋ" ಎಂಬ ಗೊಂದಲ.

ಬಾವಿಕಟ್ಟೆ
ಕೂಟದಲ್ಲಿ ಅಭ್ಯಾಸ ಮೂವರ ಗುಂಪಿನಲ್ಲಿ: ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಒಬ್ಬರು ಗಮನಿಸುವವರು. ನಾಲ್ಕು ನಿಮಿಷ ಮಾತು, ಎರಡು ನಿಮಿಷ ಅಭಿಪ್ರಾಯ, ಆಮೇಲೆ ಪಾತ್ರ ಬದಲು. ಮೂರು ಸುತ್ತಿಗೆ ಇಪ್ಪತ್ತು ನಿಮಿಷ ಸಾಕು. ಗಮನಿಸುವವರು ಎರಡೇ ಬರೆಯಲಿ: ಅರ್ಥವಾಗದ ಪದ ಯಾವುದು, ಹೇಳುವವರು ಎಷ್ಟು ಪ್ರಶ್ನೆ ಕೇಳಿದರು. ಕೆಡುವುದು ಕೇಳುವವರ ಪಾತ್ರದಲ್ಲಿ. ಅತಿ ಉತ್ಸಾಹದಿಂದ ಖಳನಾಯಕರಾಗುತ್ತಾರೆ, ಅಥವಾ ಮೂರನೆಯ ವಾಕ್ಯಕ್ಕೇ "ನಂಬಿದೆ" ಎನ್ನುತ್ತಾರೆ. ಸಭ್ಯವಾಗಿ, ಅರ್ಧ ಆಸಕ್ತಿಯಿಂದ, ಗಡಿಯಾರ ನೋಡಿಕೊಳ್ಳುವ ಸಹೋದ್ಯೋಗಿಯನ್ನು ಅಭಿನಯಿಸಿ ಎಂದು ಹೇಳಿಕೊಡಿ.

ಸಾಸಿವೆಕಾಳು
ಬಹಳ ಉಪಕಾರ. ಕೊನೆಯ ಪ್ರಶ್ನೆ. ಮಾತಾಡಿ ಮನೆಗೆ ಬಂದ ಮೇಲೆ "ಅಯ್ಯೋ, ಹಾಗೆ ಹೇಳಬಾರದಿತ್ತು" ಎಂದು ರಾತ್ರಿಯೆಲ್ಲ ಮೆಲುಕು ಹಾಕುವವರಿದ್ದಾರೆ. ಅವರೇ ಎರಡನೆಯ ಸಲ ಬಾಯಿ ತೆರೆಯದವರು.

ಮೆಲುದನಿ
ಅವರಿಗೆ ಒಂದು ಪುಟ್ಟ ಪುಸ್ತಕ ಕೊಡಿಸಿ. ಮಾತಾಡಿದ ದಿನವೇ ಮೂರು ಸಾಲು: ನಾನು ಹೇಳಿದ್ದೇನು, ಅವರು ನಿಜವಾಗಿ ಹೇಳಿದ್ದೇನು, ಮುಂದಿನ ಸಲಕ್ಕೆ ಒಂದು ಬದಲಾವಣೆ. "ಅವರು ಹೀಗೆ ಅಂದುಕೊಂಡಿರಬೇಕು" ಎಂಬ ಸಾಲಿಗೆ ಜಾಗವಿಲ್ಲ, ಅದು ಊಹೆ. ಹೊಸಬರೊಂದಿಗೆ ಮಾತಾಡಿದ ಮೇಲೆ ಅವರಿಗೆ ನಾವು ಎಷ್ಟು ಹಿಡಿಸಿದೆವು ಎಂಬುದನ್ನು ಜನ ಕಡಿಮೆಯಾಗಿಯೇ ಅಂದಾಜು ಮಾಡುತ್ತಾರೆ ಎಂದು 2018ರಲ್ಲಿ ಬಂದ ಬೂತ್‌ಬಿ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಹಾಗಾಗಿ ಆ ರಾತ್ರಿಯ ತೀರ್ಪನ್ನು ನಂಬಬಾರದು. ತಪ್ಪು ಮಾಹಿತಿ ಕೊಟ್ಟಿದ್ದರೆ ಮಾರನೆಯ ದಿನ "ನಿನ್ನೆ ಹೇಳಿದ್ದರಲ್ಲಿ ಇದೊಂದು ಸರಿಯಿಲ್ಲ" ಎಂದು ತಿದ್ದಿಬಿಡಿ.

ಮೊಣಕಾಲೂರಿ
ಮೂರು ಸಾಲು ಬರೆದಾದ ಮೇಲೆ ಆ ಹೆಸರನ್ನು ಎತ್ತಿ ಪ್ರಾರ್ಥಿಸಿ ಪುಸ್ತಕ ಮುಚ್ಚಲಿ. ಒಬ್ಬ ನೆಟ್ಟ, ಒಬ್ಬ ನೀರು ಹೊಯ್ದ, ಬೆಳೆಸಿದವನು ದೇವರು (1 ಕೊರಿಂಥ 3:6). ಯಾರು ಯಾವ ಹಂತದಲ್ಲಿದ್ದಾರೆಂದು ಆ ದಿನವೇ ತಿಳಿಯಬೇಕಾಗಿಲ್ಲ. ಜೊತೆಗಾರರಿಗೆ ಅದೇ ರಾತ್ರಿ ಒಂದು ಮೆಸೇಜ್ ಹಾಕಿದರೆ ಅವರೂ ಪ್ರಾರ್ಥಿಸುತ್ತಾರೆ, ಹೆಸರು ಬೇಡ, "ಇವತ್ತು ಮಾತಾಡಿದೆ" ಅಂದರೆ ಸಾಕು.